ದೆಹಲಿಯಲ್ಲಿ ಸೆಪ್ಟೆಂಬರ್ ಏಳು



ವಿಶ್ವಸಂಸ್ಥೆಯ ದಿನಾಚರಣೆಗಳ ಪಟ್ಟಿ ಹಿಡಿದು ಕೂತರೆ ಖಾಲಿ ವಾರ ಸಿಗುವುದೇ ಕಷ್ಟ. ನೀರಿಗೆ ಮಾರ್ಚ್ 22, ಪರಿಸರಕ್ಕೆ ಜೂನ್ 5, ಯೋಗಕ್ಕೆ ಜೂನ್ 21, ಅಹಿಂಸೆಗೆ ನಮ್ಮ ಗಾಂಧಿ ಜಯಂತಿ. ಟ್ಯೂನಾ ಮೀನಿಗೂ ಒಂದು ದಿನ ಇದೆ, ಮೇ 2. ದೆಹಲಿಯಲ್ಲಿ ಇರುವವರಿಗೆ ಇವುಗಳ ಪರಿಚಯ ತುಸು ಹೆಚ್ಚೇ. ಸಚಿವಾಲಯಗಳು ಇರುವುದು ಇಲ್ಲೇ ತಾನೆ? ದೀಪ ಬೆಳಗುವುದು, ಪ್ರತಿಜ್ಞೆ ಬೋಧಿಸುವುದು, ಆಮೇಲೆ ಚಹಾ, ಬಿಸ್ಕತ್ತು. ಇಂಥ ದಿನಗಳಿಂದ ಏನಾದರೂ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಒಂದೇ ಒಂದು ದಿನವನ್ನು ಹಿಡಿದುಕೊಳ್ಳೋಣ: ಸೆಪ್ಟೆಂಬರ್ 7, ನೀಲಿ ಆಕಾಶಕ್ಕಾಗಿ ಶುದ್ಧ ಗಾಳಿಯ ಅಂತರರಾಷ್ಟ್ರೀಯ ದಿನ.

ಇದನ್ನು ಸೂಚಿಸಿದ್ದು ದಕ್ಷಿಣ ಕೊರಿಯಾ. ಆಗಿನ ಅಧ್ಯಕ್ಷ ಮೂನ್ ಜೇ-ಇನ್ 2019ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತೆತ್ತಿದರು, ಡಿಸೆಂಬರ್‌ನಲ್ಲಿ ಮಹಾಸಭೆ ಒಪ್ಪಿತು, 2020ರಲ್ಲಿ ಮೊದಲ ಆಚರಣೆ ಆಯಿತು. ಕೊರಿಯಾದವರಿಗೆ ಇದರ ಗರಜು ಇತ್ತು. ಪ್ರತಿ ವಸಂತದಲ್ಲೂ ಮಂಗೋಲಿಯಾ, ಚೀನಾದ ಮರುಭೂಮಿಗಳ ಹಳದಿ ಧೂಳು ಸೋಲ್ ನಗರದ ಮೇಲೆ ಬಂದು ಕೂರುತ್ತದೆ. ತಮ್ಮ ಮನೆಯ ಗಾಳಿ ಕೆಡುವುದು ಬೇರೆಯವರ ನೆಲದಿಂದಲೂ ಎಂಬುದು ಅವರಿಗೆ ಗೊತ್ತು. ದೆಹಲಿಗೂ ಗೊತ್ತು.

ಆದರೆ ಸೆಪ್ಟೆಂಬರ್ 7ರಂದು ದೆಹಲಿಯಲ್ಲಿ ನಿಂತು ಮೇಲೆ ನೋಡಿ. ಮುಂಗಾರು ಇನ್ನೂ ಹಿಂದೆ ಸರಿದಿರುವುದಿಲ್ಲ. ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ. ವರ್ಷದಲ್ಲಿ ಈ ಊರು ನೆಮ್ಮದಿಯಾಗಿ ಉಸಿರಾಡುವ ಕೆಲವೇ ವಾರಗಳಲ್ಲಿ ಅದೂ ಒಂದು. ಗಾಳಿ ಚೆನ್ನಾಗಿರುವಾಗ ಗಾಳಿಯ ದಿನವೇ ಎಂದು ನಗುವವರು ನಗುತ್ತಾರೆ.

ಎರಡು ತಿಂಗಳು ಕಳೆಯಲಿ. ನವೆಂಬರ್ 1ರ ಹೊತ್ತಿಗೆ ಇಲ್ಲಿನ ಕನ್ನಡಿಗರು ರಾಜ್ಯೋತ್ಸವದ ಸಿದ್ಧತೆಯಲ್ಲಿರುತ್ತಾರೆ. ಬಾವುಟ ಹಾರುವ ಆಕಾಶ ಮಾತ್ರ ಬೂದಿ ಬಣ್ಣದ್ದು. ಗಾಳಿಯ ಗುಣಮಟ್ಟದ ಸೂಚ್ಯಂಕ, ಎಲ್ಲರ ಬಾಯಲ್ಲಿರುವ ಎಕ್ಯೂಐ, 300 ದಾಟುತ್ತದೆ, ಕೆಲವು ದಿನ 400ನ್ನೂ. 400 ದಾಟಿದರೆ ಸರ್ಕಾರಿ ಲೆಕ್ಕದಲ್ಲಿ ‘ತೀವ್ರ’. ಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟೂ ಇಲ್ಲದ ಪಿಎಂ 2.5 ಕಣಗಳು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಒಂದು ದಿನದ ಸರಾಸರಿಗೆ ಭಾರತ ಹಾಕಿಕೊಂಡ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ ಹೇಳುತ್ತಿರುವುದು 15. 2017ರ ಡಿಸೆಂಬರ್‌ನಲ್ಲಿ ಇಲ್ಲಿನ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಶ್ರೀಲಂಕಾದ ಕ್ರಿಕೆಟ್ ಆಟಗಾರರು ಮಾಸ್ಕ್ ತೊಟ್ಟು ಫೀಲ್ಡಿಂಗ್ ಮಾಡಿದ್ದು ನಿಮಗೆ ನೆನಪಿರಬಹುದು.

ಇದಕ್ಕೆ ಕಾರಣ ಒಂದಲ್ಲ. ವಾಹನ, ಕಾರ್ಖಾನೆ, ಕಟ್ಟಡದ ಧೂಳು, ಕಸದ ಬೆಂಕಿ ವರ್ಷವಿಡೀ ಇದ್ದೇ ಇರುತ್ತವೆ. ಚಳಿ ಶುರುವಾದಾಗ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದೆ ಅಲ್ಲೇ ನಿಲ್ಲುತ್ತದೆ, ಹೊಗೆಗೆ ಮುಚ್ಚಳ ಹಾಕಿದ ಹಾಗೆ. ಅದೇ ಹೊತ್ತಿಗೆ ವಾಯವ್ಯದಿಂದ ಪಂಜಾಬ್, ಹರಿಯಾಣದ ಭತ್ತದ ಕೂಳೆ ಸುಟ್ಟ ಹೊಗೆ ಬರುತ್ತದೆ. ಇಲ್ಲಿನವರು ಆ ಕೂಳೆಯನ್ನು ಪರಾಲಿ ಎನ್ನುತ್ತಾರೆ.

ರೈತ ಯಾಕೆ ಸುಡುತ್ತಾನೆ? ಇಲ್ಲಿ ಸ್ವಲ್ಪ ನಿಲ್ಲಬೇಕು. 2009ರಲ್ಲಿ ಎರಡೂ ರಾಜ್ಯಗಳು ಅಂತರ್ಜಲ ಉಳಿಸಲು ಕಾನೂನು ತಂದವು. ಬಿರುಬೇಸಿಗೆಯಲ್ಲಿ ಬೋರ್‌ವೆಲ್ ನೀರು ಹಾಯಿಸಿ ಭತ್ತ ನೆಡಬಾರದು, ಜೂನ್‌ವರೆಗೆ ಕಾಯಬೇಕು. ಒಳ್ಳೆಯ ಕಾನೂನೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತನೆಗೆ ಉಳಿಯುವುದು ಎರಡು ಮೂರು ವಾರ. ಕೊಯ್ಲಿನ ಯಂತ್ರ ತೆನೆ ಮಾತ್ರ ಕತ್ತರಿಸಿ ಕೂಳೆಯನ್ನು ಹೊಲದಲ್ಲೇ ನಿಲ್ಲಿಸಿ ಹೋಗುತ್ತದೆ. ಅದನ್ನು ಕೀಳಿಸಲು ಕೂಲಿ ದುಬಾರಿ, ಬೆಂಕಿಕಡ್ಡಿ ಅಗ್ಗ. ನೀರನ್ನು ಉಳಿಸಲು ಹೊರಟ ಕಾನೂನು ಹೊಗೆಯನ್ನು ಗಾಳಿ ನಿಲ್ಲುವ ತಿಂಗಳಿಗೇ ತಂದು ಸೇರಿಸಿತು. ಜಲ ದಿನಕ್ಕೂ ವಾಯು ದಿನಕ್ಕೂ ಬೇರೆ ಬೇರೆ ತಾರೀಖು ಕೊಟ್ಟಿದ್ದೇವೆ, ಹೊಲದಲ್ಲಿ ಅವೆರಡೂ ಒಂದೇ ಲೆಕ್ಕ.

ಹಾಗಾಗಿಯೇ ನನಗೆ ಸೆಪ್ಟೆಂಬರ್ 7 ತಪ್ಪು ದಿನ ಅನ್ನಿಸುವುದಿಲ್ಲ. ಕೂಳೆಯ ನಡುವೆಯೇ ಗೋಧಿ ಬಿತ್ತುವ ಹ್ಯಾಪಿ ಸೀಡರ್ ಎಂಬ ಯಂತ್ರವಿದೆ. ರೈತರ ಸಹಕಾರ ಸಂಘಗಳು ಅದನ್ನು ಕೊಂಡು ಬಾಡಿಗೆಗೆ ಕೊಡಲೆಂದು 2018ರಲ್ಲಿ ಕೇಂದ್ರ ಸರ್ಕಾರ ಶೇ. 80ರ ಸಹಾಯಧನ ಘೋಷಿಸಿತು. ಆ ಯಂತ್ರ ಯಾವ ಹಳ್ಳಿಗೆ, ಯಾವ ವಾರ, ಡೀಸೆಲ್ ಯಾರದು ಎಂಬುದೆಲ್ಲ ತೀರ್ಮಾನವಾಗಬೇಕಾದ್ದು ಕೊಯ್ಲಿಗೆ ಮುಂಚೆ, ಅಂದರೆ ಸೆಪ್ಟೆಂಬರ್‌ನಲ್ಲಿ. ನವೆಂಬರ್‌ನಲ್ಲಿ ಉಳಿಯುವುದು ಗ್ರಾಪ್ ಎಂಬ ಹಂತ ಹಂತದ ನಿರ್ಬಂಧ: ಕಟ್ಟಡ ಕೆಲಸ ನಿಲ್ಲಿಸು, ಲಾರಿ ತಡೆ, ಶಾಲೆ ಮುಚ್ಚು. ಅದು ಬೇಡವೆನ್ನುತ್ತಿಲ್ಲ. ಆದರೆ ಅದರ ಪೆಟ್ಟು ಮೊದಲು ಬೀಳುವುದು ದಿನಗೂಲಿಯವನ ಹೊಟ್ಟೆಯ ಮೇಲೆ.

ದಿನವೊಂದು ಕೆಲಸ ಮಾಡಿದ ಉದಾಹರಣೆ ಇದೇ ಊರಲ್ಲಿದೆ. ಜಗತ್ತು ಪೋಲಿಯೊ ದಿನ ಆಚರಿಸುವುದು ಅಕ್ಟೋಬರ್ 24ರಂದು. ದೆಹಲಿಯ ಪೋಲಿಯೊ ದಿನ ಬೇರೆಯೇ: 1994ರ ಅಕ್ಟೋಬರ್ 2. ಆಗ ಇಲ್ಲಿನ ಆರೋಗ್ಯ ಸಚಿವರಾಗಿದ್ದವರು ಡಾ. ಹರ್ಷವರ್ಧನ್. ಒಂದೇ ದಿನ, ಊರೆಲ್ಲ ಲಸಿಕೆ ಕೇಂದ್ರ, ಮೂರು ವರ್ಷದವರೆಗಿನ ಸುಮಾರು 10 ಲಕ್ಷ ಮಕ್ಕಳ ಬಾಯಿಗೆ ಹನಿ. ಮರುವರ್ಷ ಅದು ಇಡೀ ದೇಶದ ಪಲ್ಸ್ ಪೋಲಿಯೊ ಅಭಿಯಾನವಾಯಿತು. 2014ರ ಮಾರ್ಚ್ 27ರಂದು ಭಾರತ ಸೇರಿದ ವಿಶ್ವ ಆರೋಗ್ಯ ಸಂಸ್ಥೆಯ ವಲಯಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರ ಸಿಕ್ಕಿತು. 1994ರ ಆ ದಿನ ತಾಯಿಗೆ, ನರ್ಸಿಗೆ, ಶಾಲೆಯ ಮೇಷ್ಟ್ರಿಗೆ ತಾನೇನು ಮಾಡಬೇಕೆಂದು ಗೊತ್ತಿತ್ತು. ಸೆಪ್ಟೆಂಬರ್ 7ಕ್ಕೆ ಅಂಥ ಕೆಲಸವನ್ನು ಇನ್ನೂ ಯಾರೂ ಹಂಚಿಲ್ಲ.

ಇದು ದೂರದ ದೆಹಲಿಯ ಕಥೆ ಅಂದುಕೊಂಡು ಕೇಳುತ್ತಿರುವವರಿಗೆ ಒಂದು ಮಾತು. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿಯೂ ಇವೆ. ಅಲ್ಲಿ ಕೂಳೆಯ ಹೊಗೆಯ ದಟ್ಟಣೆ ಇಲ್ಲ, ರಸ್ತೆಯ ಧೂಳಿದೆ, ವಾಹನದ ಹೊಗೆಯಿದೆ. ಮಳೆ ನಿಂತ ಮೇಲೆ ಏಳುವ ಆ ಧೂಳಿಗೆ ರಸ್ತೆ ಬದಿಯ ಮಣ್ಣು ತೆಗೆಸುವ ಟೆಂಡರು ಯಾವ ತಿಂಗಳಲ್ಲಿ ಕರೆಯುತ್ತಾರೆ ಎಂದು ನಿಮ್ಮ ಪಾಲಿಕೆಯಲ್ಲಿ ವಿಚಾರಿಸಬಹುದು.