ಚಿಟ್‌ಮಹಲ್‌ನವರು ಆರಿಸಿಕೊಂಡ ದೇಶ

2015ರ ಜುಲೈ 31ರ ನಡುರಾತ್ರಿ ಪಶ್ಚಿಮ ಬಂಗಾಳದ ಕೂಚ್‌ಬಿಹಾರ್ ಜಿಲ್ಲೆಯ ಮಶಾಲ್‌ಡಾಂಗಾ ಭಾರತಕ್ಕೆ ಸೇರಿತು. ಸುತ್ತಲೂ ಭಾರತದ ನೆಲವೇ ಇದ್ದರೂ ಅಲ್ಲಿಯವರೆಗೆ ಆ ಊರು ಬಾಂಗ್ಲಾದೇಶದ್ದು. ಅಂದು ಇಂಥ 51 ತುಣುಕುಗಳು ನಮಗೆ ಬಂದವು. ಬಾಂಗ್ಲಾದೇಶದೊಳಗಿದ್ದ ನಮ್ಮ 111 ತುಣುಕುಗಳು ಅವರಿಗೆ ಹೋದವು. ಅಲ್ಲಿಯ ಜನ ಇವನ್ನು ಚಿಟ್‌ಮಹಲ್ ಎನ್ನುತ್ತಾರೆ.

ಹಿಂದೆ ಕೂಚ್‌ಬಿಹಾರದ ಅರಸರ ಕೆಲವು ಹಳ್ಳಿಗಳು ಮೊಗಲರ ರಂಗಪುರ ಸೀಮೆಯೊಳಗೆ, ಮೊಗಲರ ಕೆಲವು ಹಳ್ಳಿಗಳು ಕೂಚ್‌ಬಿಹಾರದ ಸೀಮೆಯೊಳಗೆ ಉಳಿದಿದ್ದವು. ಕಂದಾಯ ಯಾರಿಗೆ ಸಲ್ಲಬೇಕೆಂಬುದೇ ಆಗಿನ ವ್ಯತ್ಯಾಸ. 1947ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ರಂಗಪುರ ಪಾಕಿಸ್ತಾನಕ್ಕೆ ಹೋಯಿತು, 1949ರಲ್ಲಿ ಕೂಚ್‌ಬಿಹಾರ ಭಾರತಕ್ಕೆ ಸೇರಿತು. ಕಂದಾಯದ ಎಲ್ಲೆಯೇ ದೇಶದ ಗಡಿಯಾಗಿ ನಿಂತಿತು.

ಆಮೇಲಿನ ಬದುಕನ್ನು ಊಹಿಸಿಕೊಳ್ಳಿ. ಸ್ವಂತ ದೇಶದ ಕಚೇರಿಗೆ ಹೋಗಲು ಪರದೇಶ ದಾಟಬೇಕು, ದಾಟಲು ಬೇಕಾದ ಪಾಸ್‌ಪೋರ್ಟ್ ಸಿಗುವುದು ಅದೇ ಕಚೇರಿಯಿಂದ. ಹೀಗಾಗಿ ಭಾರತದೊಳಗಿನ ತುಣುಕುಗಳವರು ಮಗುವನ್ನು ಭಾರತದ ಶಾಲೆಗೆ ಹಾಕಲು ಪಕ್ಕದೂರಿನ ಭಾರತೀಯನೊಬ್ಬನನ್ನು ತಂದೆಯೆಂದು ಬರೆಸುತ್ತಿದ್ದರು. ಹೆರಿಗೆಗೆ ಆಸ್ಪತ್ರೆ ಸೇರುವ ಹೆಂಗಸು ಬೇರೊಬ್ಬನನ್ನು ಗಂಡನೆಂದು ಹೇಳಬೇಕಿತ್ತು. ಹೆತ್ತ ತಂದೆ ಬದುಕಿದ್ದೂ ಮಗನ ಅಂಕಪಟ್ಟಿಯಲ್ಲಿ ಅವನ ಹೆಸರಿಲ್ಲ. ಇದಕ್ಕಿಂತ ದೊಡ್ಡ ಅವಮಾನ ನನಗೆ ತೋಚುತ್ತಿಲ್ಲ.

ಆದರೆ ಸುಳ್ಳು ಹೆಸರಿನಲ್ಲೇ ಆದರೂ ಆ ಮಕ್ಕಳು ಓದಿದ್ದು ಭಾರತದ ಪಾಠ. ಸಂತೆ, ಕೂಲಿ, ನೆಂಟಸ್ತಿಕೆ ಎಲ್ಲವೂ ಸುತ್ತಲಿನ ಊರುಗಳ ಜೊತೆಗೇ. ದೆಹಲಿಯಾಗಲಿ ಢಾಕಾವಾಗಲಿ ಹೇಳಿಕೊಡದೆ, ದಿನದಿನದ ಒಡನಾಟದಲ್ಲೇ ಅವರಿಗೆ ಒಂದು ದೇಶ ತಮ್ಮದಾಗುತ್ತ ಬಂತು. 2015ರಲ್ಲಿ ಅಧಿಕಾರಿಗಳು ಮನೆಮನೆಗೂ ಹೋಗಿ ಯಾವ ದೇಶ ಬೇಕೆಂದು ಕೇಳಿದಾಗ, ಭಾರತದೊಳಗಿನ ತುಣುಕುಗಳ 14 ಸಾವಿರ ಚಿಲ್ಲರೆ ಜನರಲ್ಲಿ ಬಾಂಗ್ಲಾದೇಶಕ್ಕೆ ಹೊರಟವರು ಒಬ್ಬರೂ ಇಲ್ಲ. ಇವರಲ್ಲಿ ಮುಸ್ಲಿಮರು ಬಹಳ ಮಂದಿ. ಗಡಿಯವರ ನಿಷ್ಠೆಯನ್ನು ಧರ್ಮದಿಂದಲೇ ಅಳೆಯುವವರು ಈ ಉತ್ತರವನ್ನು ಗಮನಿಸಬೇಕು.

ಬಾಂಗ್ಲಾದೇಶದೊಳಗಿನ ತುಣುಕುಗಳ ಸುಮಾರು 37 ಸಾವಿರ ಜನರಲ್ಲಿ ಭಾರತಕ್ಕೆ ಬರುತ್ತೇವೆಂದವರು ಸಾವಿರದೊಳಗೆ. ಉಳಿದವರು ಇದ್ದಲ್ಲೇ ಬಾಂಗ್ಲಾದೇಶದ ಪ್ರಜೆಗಳಾದರು. ಹೊಲಮನೆ ಬಿಟ್ಟು ಬಂದವರಿಗೆ ದಿನ್‌ಹಾಟಾ, ಮೆಖ್ಲಿಗಂಜ್, ಹಲ್ದಿಬಾರಿಗಳಲ್ಲಿ ಸಿಕ್ಕಿದ್ದು ತಗಡಿನ ಶಿಬಿರ. ಅದರಲ್ಲೇ ವರ್ಷಗಳು ಕಳೆದವು. ಮಶಾಲ್‌ಡಾಂಗಾದಂಥ ಊರುಗಳವರು 2016ರಲ್ಲಿ ಮೊದಲ ಸಲ ಮತ ಹಾಕಿದರು. ಅವರು ಉಳುತ್ತಿದ್ದ ಜಮೀನಿನ ಹಕ್ಕಿಗಾಗಿ ರಾಜ್ಯ ವಿಧಾನಸಭೆ ಮಸೂದೆ ಒಪ್ಪಿದ್ದು ಮಾತ್ರ 2018ರ ನವೆಂಬರಿನಲ್ಲಿ. ದೇಶ ಸಿಕ್ಕಿ ಮೂರು ವರ್ಷ ದಾಟಿದ ಮೇಲೆ.