ಕ್ಲಬ್‌ಹೌಸ್ ನೋಡೋಕೆ ಮುಂಚೆ ಮೆಂಟೆನೆನ್ಸ್ ಲೆಕ್ಕ ನೋಡಿ

ಹೈದರಾಬಾದಿನ ಕೊಂಡಾಪುರ, ನಲ್ಲಗಂಡ್ಲ, ತೆಲ್ಲಾಪುರದ ಕಡೆ ಫ್ಲಾಟ್ ಹುಡುಕ್ತಾ ಇರೋ ನಮ್ಮ ಕನ್ನಡದ ಗೆಳೆಯರಿಗಾಗಿ ಇವತ್ತಿನ ಮಾತು. ಇಎಂಐ ಲೆಕ್ಕವನ್ನ ನಾವು ಎಕ್ಸೆಲ್‌ನಲ್ಲಿ ಪೈಸೆ ಬಿಡದೆ ಹಾಕ್ತೀವಿ. ಮೆಂಟೆನೆನ್ಸ್ ವಿಷಯ ಬಂದ್ರೆ ಮಾತ್ರ "ಚದರಡಿಗೆ ನಾಲ್ಕೈದು ರೂಪಾಯಿ ತಾನೆ" ಅಂತ ಮುಂದೆ ಹೋಗ್ತೀವಿ. ಇಎಂಐ ಒಂದು ದಿನ ಮುಗಿಯುತ್ತೆ. ಮೆಂಟೆನೆನ್ಸ್ ಮುಗಿಯಲ್ಲ.

ಮೊದಲು, ಸೌಲಭ್ಯಗಳನ್ನ ಎರಡು ರಾಶಿ ಮಾಡಿ. ಲಿಫ್ಟ್, ಸೆಕ್ಯುರಿಟಿ, ನೀರಿನ ಪಂಪು, ಜನರೇಟರ್, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ: ಇವು ನಿಂತ್ರೆ ಸಂಸಾರ ನಡೆಯಲ್ಲ. ಈಜುಕೊಳ, ಜಿಮ್, ಮಿನಿ ಥಿಯೇಟರ್: ಇವು ನಿಂತ್ರೆ ಬೇಜಾರಾಗುತ್ತೆ, ಅಷ್ಟೆ. ಬಿಲ್ ಮಾತ್ರ ಒಂದೇ. ಕೊಳಕ್ಕೆ ಹತ್ತು ಜನ ಇಳಿದ್ರೂ ನೂರು ಜನ ಇಳಿದ್ರೂ ಪಂಪ್ ಓಡ್ಬೇಕು, ಕ್ಲೋರಿನ್ ಹಾಕ್ಬೇಕು, ಲೈಫ್‌ಗಾರ್ಡ್‌ಗೆ ಸಂಬಳ ಕೊಡ್ಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ಟ್ಯಾಂಕರ್ ತರಿಸೋ ಹೊತ್ತಿಗೆ ಯಾವ ರಾಶಿಗೆ ಕತ್ತರಿ ಹಾಕ್ತಾರೆ ಅಂತ ವಿಚಾರಿಸಿ. ರಾಯಚೂರಿಂದಲೋ ಕಲಬುರಗಿಯಿಂದಲೋ ಬಂದಿರೋ ಅಪ್ಪ-ಅಮ್ಮ ಹನ್ನೆರಡನೇ ಮಹಡಿ ಮೆಟ್ಟಿಲು ಹತ್ತೋಕಾಗಲ್ಲ. ಲಿಫ್ಟ್ ಕೆಟ್ರೆ ಅವರು ಮನೆಯೊಳಗೇ ಬಂದಿ.

ಎರಡನೇದು ಜಿಎಸ್‌ಟಿ. ಸದಸ್ಯರು ಅಸೋಸಿಯೇಷನ್‌ಗೆ ತಿಂಗಳಿಗೆ 7,500 ರೂಪಾಯಿವರೆಗೆ ಕೊಟ್ರೆ ತೆರಿಗೆ ಇಲ್ಲ. 2018ರ ಜನವರಿಗೆ ಮುಂಚೆ ಈ ಮಿತಿ 5,000 ಇತ್ತು. ಮಿತಿ ದಾಟಿ, ಅಸೋಸಿಯೇಷನ್‌ನ ವಾರ್ಷಿಕ ವಹಿವಾಟೂ 20 ಲಕ್ಷ ದಾಟಿದ್ರೆ ಶೇ. 18 ತೆರಿಗೆ. ಉದಾಹರಣೆಗೆ 1,600 ಚದರಡಿಗೆ 5 ರೂಪಾಯಿಯಂತೆ 8,000. ಕೇಂದ್ರದ 2019ರ ಸುತ್ತೋಲೆ ಪ್ರಕಾರ ಪೂರ್ತಿ ಮೊತ್ತಕ್ಕೆ ತೆರಿಗೆ, ಅಂದ್ರೆ 1,440. ಮಿತಿ ಮೀರಿದ ಭಾಗಕ್ಕೆ ಮಾತ್ರ ಅಂತ 2021ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಹಾಗಾದ್ರೆ 500ಕ್ಕೆ ಬರೀ 90. ನಿಮ್ಮಲ್ಲಿ ಯಾವುದನ್ನ ಅನುಸರಿಸ್ತಿದ್ದಾರೆ ಅಂತ ಆಡಿಟರ್‌ನ ಕೇಳಿ.

ಮೂರನೇದು ಕಾರ್ಪಸ್ ಫಂಡ್. ಫ್ಲಾಟ್ ತಗೊಳ್ಳೋವಾಗ ಒಂದೇ ಸಲ ಕಟ್ಟೋ ಈ ಹಣ ಲಿಫ್ಟ್ ಬದಲಿಸೋದು, ಹೊರಗೋಡೆ ಬಣ್ಣ, ಇಂಥ ದೊಡ್ಡ ಖರ್ಚಿಗೆ. ತಿಂಗಳ ಬಿಲ್ ಕಮ್ಮಿ ತೋರಿಸೋಕೆ ಇದರ ಅಸಲನ್ನೇ ಕರಗಿಸ್ತಿದ್ರೆ, ಮುಂದೊಂದು ದಿನ ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತೆ. ರೀಸೇಲ್ ಫ್ಲಾಟ್ ಆದ್ರೆ ಹಿಂದಿನ ಮೂರು ವರ್ಷದ ಆಡಿಟ್ ವರದಿ ಕೇಳಿ. ಹೊಸದಾದ್ರೆ ರೇರಾ ಕಾಯ್ದೆ ನೆನಪಿರಲಿ: ಸ್ಥಳೀಯ ಕಾನೂನು ಬೇರೆ ಹೇಳದಿದ್ರೆ, ಹೆಚ್ಚಿನ ಫ್ಲಾಟ್ ಬುಕ್ ಆದ ಮೂರು ತಿಂಗಳಲ್ಲಿ ಅಸೋಸಿಯೇಷನ್ ರಚನೆಗೆ ಬಿಲ್ಡರ್ ಅನುವು ಮಾಡಿಕೊಡ್ಬೇಕು. ಅಸೋಸಿಯೇಷನ್ ವಹಿಸಿಕೊಳ್ಳೋವರೆಗೆ ಅಗತ್ಯ ಸೇವೆ ನಡೆಸೋ ಹೊಣೆ ಬಿಲ್ಡರ್‌ದೇ, ಅದೂ ನ್ಯಾಯವಾದ ದರಕ್ಕೆ.

ಕೊನೇದು, ನಮ್ಮಂಥವರಿಗೆ ತುಂಬಾ ಮುಖ್ಯ. ನಾಳೆ ಬೆಂಗಳೂರಿಗೋ ಡಲ್ಲಾಸ್‌ಗೋ ಹೊರಟ್ರೂ ಬಿಲ್ ನಿಮ್ಮ ಹೆಸರಲ್ಲೇ ಬರುತ್ತೆ. ಮನೆ ಖಾಲಿ ಇದ್ರೂ ಬರುತ್ತೆ. ಊರಲ್ಲಿಲ್ಲದ ಮಾಲೀಕರು ಬಾಕಿ ಉಳಿಸಿದಷ್ಟೂ ಅಲ್ಲಿರೋರ ಮೇಲೆ ಭಾರ. ಸಭೆ ತೆಲುಗಲ್ಲಿ ನಡೆಯುತ್ತೆ ಅಂತ ಹಿಂದೆ ಸರೀಬೇಡಿ. ಬಜೆಟ್ ಹಾಳೆಯಲ್ಲಿರೋ ಅಂಕಿಗೆ ಭಾಷೆಯ ತೊಂದರೆ ಇಲ್ಲ. ಹೋಗಿ, ಕೂತ್ಕೊಳ್ಳಿ, ಪ್ರಶ್ನೆ ಕೇಳಿ.