ಸಂಘ ಅಂದರೆ ಯಾವ ಸಂಘ?



ನಾನು ಭಾಷಾ ಪಂಡಿತನಲ್ಲ. ನೀರಾವರಿ ಇಲಾಖೆಯಲ್ಲಿ ಕಾಲುವೆ, ತೂಬು, ಟೆಂಡರ್ ಕಾಗದ ನೋಡಿಕೊಂಡು ನಿವೃತ್ತನಾದವನು. ಈಗ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯವರು ಇಂಗ್ಲಿಷ್ ಕಾಗದ ಹಿಡಿದು ಮನೆಗೆ ಬರುತ್ತಾರೆ. "ಸಾಹೇಬ್ರ, ಇದರಾಗ ಏನೈತಿ ಸ್ವಲ್ಪ ನೋಡ್ರಿ" ಅನ್ನುತ್ತಾರೆ. ಹೆಚ್ಚಿನವು ನಾಲ್ಕು ಜನ ಕೂಡಿ ಮಾಡುವ ಕೆಲಸದ ಕಾಗದಗಳೇ. ಒಂದರಲ್ಲಿ ಸೊಸೈಟಿ ಅಂತ ಇರುತ್ತದೆ, ಇನ್ನೊಂದರಲ್ಲಿ ಅಸೋಸಿಯೇಷನ್, ಮತ್ತೊಂದರಲ್ಲಿ ಯೂನಿಯನ್, ಫೆಡರೇಷನ್, ಗ್ರೂಪ್, ಕಂಪನಿ. ನಾವು ಕನ್ನಡದಲ್ಲಿ ಎಲ್ಲಕ್ಕೂ 'ಸಂಘ' ಅಂದುಬಿಡುತ್ತೇವೆ. 'ಕೂಡಿ ದುಡಿಯುವುದು' ಎಂದು ಸಂಘಟಕರು ಕೊಟ್ಟ ವಿಷಯವನ್ನು ಇವತ್ತು ಈ ಹೆಸರುಗಳ ಕಡೆಯಿಂದ ನೋಡೋಣ.

ಹೆಸರು ಬೇರೆಯಾದರೂ ತೊಂದರೆ ಆಗದ ಕಡೆಯೂ ಉಂಟು. ಧಾರವಾಡದಲ್ಲಿ 1883ರಲ್ಲಿ ಹುಟ್ಟಿದ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಇಂಗ್ಲಿಷಿನಲ್ಲಿ ಅಸೋಸಿಯೇಷನ್. ಬೆಳಗಾವಿಯಲ್ಲಿ 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸೊಸೈಟಿ. 1890ರ ಕರ್ನಾಟಕ ವಿದ್ಯಾವರ್ಧಕ ಸಂಘವು ಇಂಗ್ಲಿಷಿನಲ್ಲೂ ಸಂಘವೇ. ಈ ಹೆಸರುಗಳಿಂದ ಯಾರ ಮನೆಯೂ ಮುಳುಗಲಿಲ್ಲ. ಆದರೆ ಹಣ, ನೀರು, ಹೊಣೆ ಬಂದಲ್ಲಿ ಕಾನೂನು ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ಓದುತ್ತದೆ. ಸಂವಿಧಾನದ 19ನೇ ವಿಧಿಯಲ್ಲಿ ಮೊದಲು ಅಸೋಸಿಯೇಷನ್, ಯೂನಿಯನ್ ಎಂಬ ಎರಡೇ ಹೆಸರಿದ್ದವು. 2012ರಲ್ಲಿ ಜಾರಿಗೆ ಬಂದ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಎಂಬುದು ಮೂರನೆಯದಾಗಿ ಸೇರಿತು. ಮೂರೂ ಒಂದೇ ಆಗಿದ್ದರೆ ಸೇರಿಸುವ ಅಗತ್ಯವೇ ಇರಲಿಲ್ಲ.

ಈಗ ತಾಯಂದಿರ ವಿಷಯಕ್ಕೆ ಬರುತ್ತೇನೆ. "ಇವತ್ತ ಸಂಘದ ಕಂತು ಐತ್ರಿ" ಅನ್ನುತ್ತೀರಿ. ಯಾವ ಸಂಘವ್ವ? ಒಂದು ಸ್ವಸಹಾಯ ಸಂಘ. ಅಲ್ಲಿ ಹತ್ತರಿಂದ ಇಪ್ಪತ್ತು ಜನ, ನಿಮ್ಮದೇ ಉಳಿತಾಯ, ನಿಮ್ಮದೇ ಠರಾವು ಪುಸ್ತಕ. ಯಾರಿಗೆ ಸಾಲ ಕೊಡಬೇಕು ಅಂತ ನೀವೇ ಕೂತು ತೀರ್ಮಾನ ಮಾಡುತ್ತೀರಿ. ಇನ್ನೊಂದರ ಇಂಗ್ಲಿಷ್ ಹೆಸರು ಜಾಯಿಂಟ್ ಲಯಬಿಲಿಟಿ ಗ್ರೂಪ್. ನಡುವಿನ ಶಬ್ದ ಗಮನಿಸಿರಿ. ಲಯಬಿಲಿಟಿ ಅಂದರೆ ಹೊಣೆ. ಇಲ್ಲಿ ಸಾಲ ಕೊಡುವುದು ಹೊರಗಿನ ಸಂಸ್ಥೆ, ನೀವು ಒಬ್ಬರಿಗೊಬ್ಬರು ಜಾಮೀನು. ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು.

ನಮ್ಮ ಟೆಂಡರುಗಳಲ್ಲೂ ಇದೇ ಮಾತು ಬರುತ್ತದೆ. ಇಬ್ಬರು ಗುತ್ತಿಗೆದಾರರು ಜಾಯಿಂಟ್ ವೆಂಚರ್ ಮಾಡಿಕೊಂಡರೆ 'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆ' ಎಂದು ಬರೆಸಿಕೊಳ್ಳುತ್ತಾರೆ. ಒಬ್ಬ ಓಡಿಹೋದರೆ ಇನ್ನೊಬ್ಬನೇ ಪೂರ್ತಿ ಕೆಲಸಕ್ಕೆ ಸಿಕ್ಕಿಬೀಳುತ್ತಾನೆ. ಈ ಸಾಲು ಕಂಡರೆ ದೊಡ್ಡ ಗುತ್ತಿಗೆದಾರರು ವಕೀಲರ ಮನೆಗೆ ಹೋಗುತ್ತಾರೆ. ನಮ್ಮ ಅಕ್ಕಂದಿರು ಆಧಾರ್ ಪ್ರತಿ ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತಾರೆ. 2025ರ ಫೆಬ್ರುವರಿಯಲ್ಲಿ ಕಿರು ಸಾಲದ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗೆ ನೀವು ಕೊಟ್ಟ ಜಾಮೀನು ಅದರಿಂದ ಅಳಿಸಿಹೋಗುವುದಿಲ್ಲ.

ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ಆಗುವುದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ನಮ್ಮ ಕಣಗಿನಹಾಳದ್ದು. ಗದಗ ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅದನ್ನು ಕಟ್ಟಿದರು. 1904ರ ಕಾಯಿದೆಯ ಪ್ರಕಾರ ಹಳ್ಳಿಯ ಸೊಸೈಟಿಗೆ ಅಪರಿಮಿತ ಹೊಣೆ, ಅಂದರೆ ಸೊಸೈಟಿ ಮುಳುಗಿದರೆ ಸದಸ್ಯರ ಹೊಲಮನೆಗೂ ಕೈ ಬರುತ್ತಿತ್ತು. ಆದರೂ ಜನ ಸೇರಿದರು. ಯಾಕೆಂದರೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಎಷ್ಟು ಸಾಲ ಕೊಡಬೇಕು ಎಂದು ನಿರ್ಧರಿಸುವವರು ಊರವರೇ ಆಗಿದ್ದರು. ಹೊಣೆಯೂ ಅವರದು, ಕೀಲಿಕೈಯೂ ಅವರದು. ಇವತ್ತಿನ ಗುಂಪು ಸಾಲದಲ್ಲಿ ಹೊಣೆ ಮಾತ್ರ ನಿಮ್ಮ ಪಾಲಿಗೆ ಬಂದಿದೆ. ಎರಡಕ್ಕೂ ಒಂದೇ ಹೆಸರು ಇಟ್ಟದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿಲ್ಲ.

'ಒಕ್ಕೂಟ' ಎಂಬ ಮಾತಿಗೂ ಇದೇ ಗತಿ. ಹಾಲಿನಲ್ಲಿ ಊರಿಗೆ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಅಲ್ಲಿ ಒಕ್ಕೂಟ ಅಂದರೆ ಯೂನಿಯನ್, ಮಹಾಮಂಡಳ ಅಂದರೆ ಫೆಡರೇಷನ್. ಸಂಜೀವಿನಿ ಯೋಜನೆಯಲ್ಲಿ ಪಂಚಾಯ್ತಿ ಮಟ್ಟದ ಫೆಡರೇಷನ್ನೇ ಒಕ್ಕೂಟ. ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸುವಾಗ, ಭಾರತಕ್ಕೆ ಫೆಡರೇಷನ್ ಎನ್ನದೆ ಯೂನಿಯನ್ ಎಂದದ್ದೇಕೆ ಎಂದು ವಿವರಿಸಿದರು. ಇದು ರಾಜ್ಯಗಳು ತಮ್ಮ ತಮ್ಮಲ್ಲಿ ಒಪ್ಪಂದ ಮಾಡಿಕೊಂಡು ಕಟ್ಟಿದ್ದಲ್ಲ, ಯಾವ ರಾಜ್ಯಕ್ಕೂ ಬಿಟ್ಟುಹೋಗುವ ಹಕ್ಕಿಲ್ಲ ಎಂಬುದು ಅವರ ಉತ್ತರ. ಹಾಗಾದರೆ ನಿಮ್ಮ ಐದು ಸಂಘಗಳು ಒಕ್ಕೂಟ ಸೇರುವ ಮುಂಚೆ ಅದೇ ಪ್ರಶ್ನೆ ಕೇಳಬಾರದೇಕೆ? ಬೇಡವಾದರೆ ಹೊರಗೆ ಬರಬಹುದೇ? ಬಂದರೆ ನಮ್ಮ ದುಡ್ಡು ಜೊತೆಗೆ ಬರುತ್ತದೆಯೇ?

ನನ್ನ ಕಸುಬಿನದೊಂದು ಮಾತು. ಆಂಧ್ರದವರು 1997ರಲ್ಲಿ ಕಾಲುವೆ ನೀರಿನ ನಿರ್ವಹಣೆಯನ್ನು ರೈತರಿಗೆ ಕೊಡುವಾಗ ವಾಟರ್ ಯೂಸರ್ಸ್ ಅಸೋಸಿಯೇಷನ್ ಎಂದರು. ಆ ಕಾಲುವೆಯ ಕೆಳಗೆ ಹೊಲ ಇದ್ದವನು ಕಾನೂನಿನಿಂದಲೇ ಸದಸ್ಯ. ನಾವು ಕರ್ನಾಟಕದಲ್ಲಿ ನೀರು ಬಳಕೆದಾರರ ಸಹಕಾರ ಸಂಘ ಎಂದೆವು. ಷೇರು ಹಣ ಕಟ್ಟಿದವನು ಸದಸ್ಯ. ಕೇಳಲಿಕ್ಕೆ ಎರಡೂ ಒಂದೇ. ಮಲಪ್ರಭಾ ಬಲದಂಡೆ ಕಾಲುವೆಯ ಮೇಲೆ ನಿಂತು ನೋಡಿದರೆ ಒಂದೇ ಅಲ್ಲ. ಷೇರು ಕಟ್ಟದವನ ಹೊಲವೂ ಅದೇ ತೂಬಿನ ಕೆಳಗಿದೆ. ಅವನೂ ನೀರು ತಿರುಗಿಸಿಕೊಳ್ಳುತ್ತಾನೆ, ಆದರೆ ಸಂಘದ ಠರಾವು ಅವನಿಗೆ ತಾಗುವುದಿಲ್ಲ. ಕೊನೆ ಭಾಗದ ರೈತ ಆಕಾಶ ನೋಡುತ್ತ ಕೂರುತ್ತಾನೆ. ಸಾಲಕ್ಕೆ ಸಹಕಾರ ಸಂಘವೇ ಸರಿ, ಇಷ್ಟ ಇದ್ದವರು ಸೇರಲಿ. ನೀರು ಷೇರು ಕೇಳಿ ಹರಿಯುವುದಿಲ್ಲ. ಅದಕ್ಕೆ ಎಲ್ಲ ಹೊಲದವರನ್ನೂ ಕಟ್ಟಿಹಾಕುವ ಸಂಘವೇ ಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಮೆಣಸಿನಕಾಯಿ, ಹೆಸರು ಬೆಳೆಯುವ ಕುಂದಗೋಳದ ಯುವಕರು ಉತ್ಪಾದಕರ ಕಂಪನಿ ಮಾಡಬೇಕು ಅನ್ನುತ್ತಾರೆ. ಮಾಡಿರಿ. 2002ರಲ್ಲಿ ಕಂಪನಿ ಕಾಯಿದೆಗೆ ಈ ಅವಕಾಶ ಸೇರಿತು. ಹತ್ತು ಜನ ಬೆಳೆಗಾರರು ಸಾಕು, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಓಟು. ಆದರೆ ಹೆಸರಿನಲ್ಲಿ ಕಂಪನಿ ಇದೆ ಎಂಬುದನ್ನು ಮರೆಯಬೇಡಿ. ವಾರ್ಷಿಕ ಲೆಕ್ಕ ಸಲ್ಲಿಸುವುದು ತಡವಾದರೆ ಒಂದೊಂದು ನಮೂನೆಗೆ ದಿನಕ್ಕೆ 100 ರೂಪಾಯಿ. ಎರಡು ನಮೂನೆ ಒಂದು ವರ್ಷ ತಡವಾದರೆ 73,000. ಲೆಕ್ಕಪತ್ರ ನೋಡುವವರಿಗೆ ಸಂಬಳ ಕೊಡುವ ಶಕ್ತಿ ಇದೆಯೇ ಎಂದು ಮೊದಲು ಕೂತು ಲೆಕ್ಕ ಹಾಕಿರಿ, ಬೋರ್ಡು ಆಮೇಲೆ ಬರೆಸಿರಿ.

ಪ್ರಸಾದ ಮುಗಿದ ಮೇಲೆ ನಾನು ಮಠದ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಸಾಲದ ಕಾರ್ಡು, ಪಾಸ್‌ಬುಕ್ಕು, ಸಂಘದ ಕಾಗದ ಏನಿದ್ದರೂ ತನ್ನಿರಿ. ಯಾವ ಸಂಘ ಅಂತ ಕೂಡಿ ಓದೋಣ.